ತಾತನ ಪಿಂಗಾಣಿ ಸೆಟ್ಟು

ಊರಿನ ಮನೆ ಮಾರುವುದೆಂದು ತೀರ್ಮಾನವಾದ ಮೇಲೆ ತಮ್ಮ ದಿನಕ್ಕೆರಡು ಸಲ ಫೋನ್ ಮಾಡತೊಡಗಿದ. ಹಿತ್ತಾಳೆ ಹಂಡೆ ಯಾರಿಗೆ, ತೊಟ್ಟಿಲು ಯಾರಿಗೆ, ಬೀಟೆ ಮರದ ಮಂಚವನ್ನು ಮೆಟ್ಟಿಲಿಂದ ಇಳಿಸುವುದು ಹೇಗೆ ಎಂದೆಲ್ಲ ಕೇಳುತ್ತಿದ್ದ. ಒಂದು ಸಂಜೆ ಮಾತ್ರ ಅವನ ದನಿ ಬೇರೆಯಾಗಿತ್ತು.

“ಅಕ್ಕ, ಉಳಿದಿದ್ದಕ್ಕೆಲ್ಲ ಯಾರಾದ್ರೂ ಸಿಕ್ಕಿದಾರೆ. ತಾತನ ಸೆಟ್ಟು ಯಾರಿಗೂ ಬೇಡವಂತೆ. ಏನ್ ಮಾಡ್ಲಿ ಹೇಳು.”

ನಾನು ಸುಮ್ಮನೆ ನಕ್ಕುಬಿಟ್ಟೆ. ನಗು ಬಂದದ್ದಕ್ಕೆ ಕಾರಣವಿತ್ತು. 1979ರಲ್ಲಿ ತಾತ ತೀರಿಕೊಂಡಾಗ ಇದೇ ಸೆಟ್ಟಿಗಾಗಿ ಅಪ್ಪ ಮತ್ತು ಚಿಕ್ಕಪ್ಪ ಎರಡು ವರ್ಷ ಮಾತು ಬಿಟ್ಟಿದ್ದರು. ಗದ್ದೆ ಪಾಲಾಯಿತು, ಅಜ್ಜಿಯ ಬಂಗಾರ ಪಾಲಾಯಿತು, ಬೆಳ್ಳಿ ಪಂಚಪಾತ್ರೆಯೂ ಪಾಲಾಯಿತು. ಯಾವುದಕ್ಕೂ ಜಗಳವಾಗಲಿಲ್ಲ. ಚಿಕ್ಕಪ್ಪ ಹಾಸನದಲ್ಲಿ ಹೊಸ ಮನೆ ಹಿಡಿದಿದ್ದರು. ಅರ್ಧ ಸೆಟ್ಟು ನನಗಿರಲಿ ಎಂದರು. ಅಪ್ಪ “ಸೆಟ್ಟು ಅಂದ್ರೆ ಸೆಟ್ಟು ಕಣೋ. ಅರ್ಧ ಮಾಡಿದ್ಮೇಲೆ ಅದು ಬರೀ ಕಪ್ಪು ತಟ್ಟೆ” ಎಂದುಬಿಟ್ಟರು. ಅಷ್ಟಕ್ಕೆ ಅಣ್ಣತಮ್ಮಂದಿರ ನಡುವೆ ಎರಡು ಯುಗಾದಿ ಹಾದುಹೋದವು. ಅಂಥ ವಸ್ತು ಈಗ ಯಾರಿಗೂ ಬೇಡ. ತಮ್ಮನ ಹೆಂಡತಿ ಫ್ಲ್ಯಾಟಿನಲ್ಲಿ ಜಾಗವಿಲ್ಲ ಎಂದಳು. ಚಿಕ್ಕಪ್ಪನ ಮಗಳು ಫೋಟೋ ನೋಡಿ “ಚೆನ್ನಾಗಿದೆ, ಆದ್ರೆ ಮೈಕ್ರೋವೇವಿಗೆ ಇಡೋಕೆ ಭಯ” ಎಂದಳಂತೆ.

ಆ ಸೆಟ್ಟಿನ ಕಥೆ ನಮ್ಮ ಮನೆಯಲ್ಲಿ ರಾಮಾಯಣದಷ್ಟೇ ಬಾಯಿಪಾಠ. ತಾತ ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ತೋಟದ ಭಾಷೆಯಲ್ಲಿ ರೈಟರ್ ಅಂದರೆ ಕಥೆ ಕಾದಂಬರಿ ಬರೆಯುವವರಲ್ಲ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಚೀಲ, ಕಾಫಿ ಮೂಟೆ, ಇವುಗಳ ಲೆಕ್ಕ ಬರೆಯುವವರು. ತೋಟ ಇಂಗ್ಲಿಷ್ ದೊರೆಯದು. ಸ್ವಾತಂತ್ರ್ಯ ಬಂದ ಮೇಲೆ ಆ ಸೀಮೆಯ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟರಲ್ಲ, ನಮ್ಮ ತಾತನ ದೊರೆಯೂ 1955ರಲ್ಲಿ ಹೊರಟ. ಹೊರಡುವ ದಿನ ಅವನು ತಾತನನ್ನು ಬಂಗಲೆಗೆ ಕರೆಸಿ, ಎರಡೂ ಕೈ ಹಿಡಿದು, “ಇಪ್ಪತ್ತು ವರ್ಷ ಒಂದು ಕಾಸೂ ಹೆಚ್ಚು ಕಡಿಮೆ ಮಾಡದೆ ಲೆಕ್ಕ ಕೊಟ್ಟೆ. ನಿನಗೆ ಕೊಡಲು ನನ್ನ ಬಳಿ ಇನ್ನೇನಿದೆ” ಎಂದು ತನ್ನ ಮೇಜಿನ ಮೇಲಿನ ಪಿಂಗಾಣಿ ಸೆಟ್ಟನ್ನೇ ಕೊಟ್ಟ. ಇದು ಅಪ್ಪನ ಪಾಠ. ಚಿಕ್ಕಪ್ಪನ ಪಾಠದಲ್ಲಿ ದೊರೆಯ ಕಣ್ಣಲ್ಲಿ ನೀರೂ ಇತ್ತು.

12 ಕಪ್ಪು, 12 ಸಾಸರು, ಒಂದು ಟೀ ಪಾಟು, ಹಾಲಿನ ಜಗ್ಗು, ಮುಚ್ಚಳವಿದ್ದ ಸಕ್ಕರೆ ಬಟ್ಟಲು, 6 ಊಟದ ತಟ್ಟೆ, ಮೊರದಷ್ಟು ದೊಡ್ಡದಾದ ಒಂದು ಅಂಡಾಕಾರದ ತಟ್ಟೆ. ಎಲ್ಲದರ ಮೇಲೂ ಒಂದೇ ನೀಲಿ ಚಿತ್ರ. ಬಾಗಿದ ಒಂದು ಮರ, ಚೀನೀ ಮಾಡಿನ ಮನೆ, ಮುಂದೆ ಬೇಲಿ, ಒಂದು ಸೇತುವೆ, ಸೇತುವೆಯ ಮೇಲೆ ಮೂರು ಜನ, ಮೇಲೆ ಆಕಾಶದಲ್ಲಿ ಮುಖಾಮುಖಿಯಾಗಿ ಹಾರುವ ಎರಡು ಹಕ್ಕಿ. ನಾವು ಮಕ್ಕಳಿಗೆ ಅದು ಹೇಮಾವತಿಯ ಸೇತುವೆ. ಮುಂದೆ ಹೋಗುತ್ತಿರುವವನು ದೊರೆ, ಮಧ್ಯದವನು ಬಟ್ಲರ್, ಕೊನೆಯವರು ಲೆಕ್ಕದ ಪುಸ್ತಕ ಹಿಡಿದ ನಮ್ಮ ತಾತ.

ಈ ಸೆಟ್ಟಿಗಾಗಿಯೇ ಹಜಾರದ ಗೋಡೆಯಲ್ಲಿ ಗಾಜಿನ ಬಾಗಿಲಿನ ಶೋಕೇಸು ಮಾಡಿಸಿದ್ದರು. ಆಮೇಲೆ ಆ ಶೋಕೇಸಿಗೆ ಚನ್ನಪಟ್ಟಣದ ಗೊಂಬೆ, ಗಂಧದ ಆನೆ, ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು, ನನಗೆ ಪ್ರೌಢಶಾಲೆಯಲ್ಲಿ ಬಂದ ಕಪ್ಪು ಎಲ್ಲ ಸೇರಿಕೊಂಡವು. ಆದರೆ ಮಧ್ಯದ ಅರೆ ಮಾತ್ರ ದೊರೆ ಸೆಟ್ಟಿಗೇ ಮೀಸಲು. ಬೀಗದ ಕೈ ಅಪ್ಪನ ಜನಿವಾರದಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಅಮ್ಮ ಒಂದೊಂದನ್ನೇ ಇಳಿಸಿ, ಸೀಗೆಪುಡಿ ಬೇಡ ಸಬೀನಾ ಬೇಡ ಎಂದು ಬರೀ ಬೆಚ್ಚನೆ ನೀರಲ್ಲಿ ತೊಳೆದು, ಅಪ್ಪನ ಹಳೇ ಪಂಚೆಯಿಂದ ಒರೆಸಿ ಮತ್ತೆ ಜೋಡಿಸುತ್ತಿದ್ದರು.

ಅದರಲ್ಲಿ ಯಾರು ಕುಡಿಯುತ್ತಿದ್ದರು? ನಾವಂತೂ ಅಲ್ಲ. ನಮಗೆ ಸ್ಟೀಲ್ ಲೋಟ, ತಾತನಿಗೆ ಕಂಚಿನದು. ತಹಸೀಲ್ದಾರರು ಬಂದಾಗ, ಬ್ಯಾಂಕಿನ ಮ್ಯಾನೇಜರು ಬಂದಾಗ, ಹೆಣ್ಣು ನೋಡಲು ಬಂದಾಗ ಮಾತ್ರ ಬೀಗ ತೆರೆಯುತ್ತಿತ್ತು. ಬಂದವರ ಅಂತಸ್ತು ಎಷ್ಟು ಎಂಬುದನ್ನು ನಾವು ಮಕ್ಕಳು ಬೀಗದ ಸದ್ದಿನಿಂದಲೇ ತಿಳಿಯುತ್ತಿದ್ದೆವು. ಶಾನುಭೋಗರಿಗೆ ಬೀಗ ತೆರೆಯಲಿಲ್ಲ. ಹೊಸ ಡಾಕ್ಟರಿಗೆ ಮೊದಲ ಸಲ ತೆರೆಯಿತು, ಎರಡನೆಯ ಸಲ ಇಲ್ಲ. ಕಪ್ಪು ಕೈಗೆ ಬಂದ ಮೇಲೆ ಅಪ್ಪನ ಕಥೆ ಶುರು. ಪಾಪ, ಎಷ್ಟೋ ಜನರಿಗೆ ದೊರೆ ತಾತನ ಕೈ ಹಿಡಿಯುವಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ದೊಡ್ಡ ತಟ್ಟೆಯಲ್ಲಿ ಅಪ್ಪ ಎಲೆ ಅಡಿಕೆ ಇಡುತ್ತಿದ್ದರು. ಅದರ ಮೈಯಲ್ಲಿ ಮರದ ರೆಂಬೆಗಳ ಹಾಗೆ ತಗ್ಗಿನ ಗೀರುಗಳಿದ್ದವು, ಎಲ್ಲವೂ ಹರಿದು ಒಂದು ತುದಿಯ ಗುಳಿಗೆ ಸೇರುತ್ತಿದ್ದವು. ಎಲೆಗೆ ಚಿಮುಕಿಸಿದ ನೀರು ಸೋರಿ ನಿಲ್ಲಲೆಂದೇ ದೊರೆಗಳು ಹಾಗೆ ಮಾಡಿದ್ದಾರೆ, ಎಂಥ ತಲೆ ಎಂದು ಅಪ್ಪ ಹೊಗಳುತ್ತಿದ್ದರು. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರೂ ಅದರಿಂದಲೇ ತಾಂಬೂಲ ತೆಗೆದುಕೊಂಡಿದ್ದಾರೆ.

ಇಷ್ಟೆಲ್ಲ ವೈಭವದ ಸೆಟ್ಟಿಗೆ ಮನೆಯಲ್ಲಿ ಒಬ್ಬರೇ ಒಬ್ಬರು ಶತ್ರು. ಅಜ್ಜಿ. ಅಡುಗೆಮನೆಯ ಹೊಸ್ತಿಲನ್ನು ಅದು ದಾಟುವಂತಿರಲಿಲ್ಲ. ಕಾಫಿಯನ್ನು ಅಜ್ಜಿ ಒಳಗೆ ಪಾತ್ರೆಯಲ್ಲಿ ಬೆರೆಸಿ ಹೊಸ್ತಿಲಾಚೆ ಇಡುತ್ತಿದ್ದರು. ಅಮ್ಮ ಹಜಾರದಲ್ಲಿ ಕಪ್ಪಿಗೆ ಬಗ್ಗಿಸಬೇಕು. ತೊಳೆಯುವುದೂ ಹೊರಗಿನ ಬಚ್ಚಲಲ್ಲೇ. ಅಜ್ಜಿಯ ವಾದ ಖಚಿತವಾಗಿತ್ತು. ಕಂಚು, ಹಿತ್ತಾಳೆ, ತಾಮ್ರ ಮೈಲಿಗೆಯಾದರೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದರೆ ಶುದ್ಧ. ಮಣ್ಣಿನದು ಎಂಜಲನ್ನು ಕುಡಿದುಬಿಡುತ್ತದೆ, ತಿಕ್ಕಿದರೆ ಹೋಗುವುದಿಲ್ಲ. ಅಲ್ಲದೆ ಕಿವಿಯಿರುವ ಕಪ್ಪನ್ನು ಎತ್ತಿ ಕುಡಿಯಲು ಆಗುತ್ತದೆಯೇ? ಕಚ್ಚಿಯೇ ಕುಡಿಯಬೇಕು. “ಆ ದೊರೆ ಅದ್ರಲ್ಲಿ ಏನೇನ್ ತಿಂದಿದ್ನೋ” ಎಂಬುದು ಕೊನೆಯ ಮಾತು.

ಚಿಕ್ಕತ್ತೆಯನ್ನು ನೋಡಲು ಬಂದ ದಿನ ಅಜ್ಜಿಗೆ ದೊಡ್ಡ ಜಯ ಸಿಕ್ಕಿತು. 1977 ಇರಬೇಕು. ಗಂಡಿನ ಕಡೆಯವರು ಐದು ಜನ ಬಂದಿದ್ದರು. ಅಪ್ಪ ಬೀಗ ತೆರೆದು, ಕಪ್ಪು ಜೋಡಿಸಿ, ಕಥೆಗೆ ಗಂಟಲು ಸರಿಮಾಡಿಕೊಂಡರು. ಗಂಡಿನ ತಾಯಿ ಕೈ ಅಡ್ಡ ಹಿಡಿದು, “ಕ್ಷಮಿಸಿ, ನಾವು ಪಿಂಗಾಣಿಯಲ್ಲಿ ತಗೊಳ್ಳೋ ವಾಡಿಕೆ ಇಲ್ಲ” ಎಂದರು. ಅಪ್ಪನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಫಳಫಳ ಬೆಳಗಿದ ಐದು ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದೇಬಿಟ್ಟರು. ಮೊದಲೇ ತೊಳೆದು ಸಿದ್ಧ ಮಾಡಿಕೊಂಡು ಕೂತಿದ್ದರು! ಸಂಬಂಧ ಕೂಡಿಬಂತು. “ಕಪ್ಪಿಂದಲ್ಲ, ಲೋಟದಿಂದ” ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದರು.

ಆ ದಿನ ಮೇಜಿನ ಮೇಲೆ ಐದು ಕಪ್ಪಿದ್ದವು, ಶೋಕೇಸಿನಲ್ಲಿ ಆರು ಉಳಿದಿದ್ದವು. ಲೆಕ್ಕ ತಪ್ಪಿಲ್ಲ. ಹನ್ನೆರಡನೆಯದು ಅದಾಗಲೇ ಅಲ್ಲಿಂದ ಹೋಗಿತ್ತು. ಅದಕ್ಕೆ ಕಾರಣ ನಾನು.

ನನಗಾಗ ಏಳು ವರ್ಷ. ಆಯುಧಪೂಜೆಗೆಂದು ಅಮ್ಮ ಎಲ್ಲವನ್ನೂ ಇಳಿಸಿ ಚಾಪೆಯ ಮೇಲೆ ಹರವಿದ್ದರು. ನಾನು ಒಂದು ಕಪ್ಪನ್ನು ತೆಗೆದುಕೊಂಡು ದೊರೆಸಾನಿಯ ಹಾಗೆ ಕಿರುಬೆರಳು ಎತ್ತಿ ಕುಡಿಯುವ ಆಟ ಆಡುತ್ತಿದ್ದೆ. ಕಪ್ಪು ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಹೋಳಾಗಲಿಲ್ಲ. ಕಿವಿಯೊಂದು ಟಕ್ಕೆಂದು ಕಳಚಿ ಬಿತ್ತು. ಏಟು ಬೀಳುತ್ತದೆಂದು ಅಟ್ಟ ಹತ್ತಿ ಕೂತೆ. ಏಟು ಬೀಳಲಿಲ್ಲ. ಅಪ್ಪ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು, “ಇನ್ನು ಇದನ್ನ ಹೊರಗಿಡಿ” ಎಂದರು. ಅಮ್ಮ ಅದನ್ನು ಹಿತ್ತಲ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟರು.

ಹಿತ್ತಲ ಕಟ್ಟೆಯಲ್ಲಿ ಅಲ್ಲಿಯವರೆಗೆ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಅದು ಸೌದೆ ಒಡೆಯಲು ಬರುತ್ತಿದ್ದವರದು. ಈಗ ‘ಬರುತ್ತಿದ್ದವರು’ ಎಂದು ಬರೆಯುತ್ತಿದ್ದೇನೆ. ಆಗ ನಾನು ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಅವರಿಗೆ ನನ್ನ ತಾತನಷ್ಟೇ ವಯಸ್ಸು. ವಾರಕ್ಕೆರಡು ದಿನ ಬರುತ್ತಿದ್ದರು. ಹತ್ತು ಗಂಟೆಗೆ ಅಜ್ಜಿ ಬಾಗಿಲಲ್ಲಿ ನಿಂತು ಮೇಲಿನಿಂದ ಚಿಪ್ಪಿಗೆ ಕಾಫಿ ಹೊಯ್ಯುತ್ತಿದ್ದರು. ಅವರು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಕುಡಿದು, ತಾವೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಅವರು ಹೊಸ್ತಿಲಾಚೆ ಕೂತದ್ದು, ಬೇರೆಯದರಲ್ಲಿ ಕುಡಿದದ್ದು ಯಾವುದೂ ನಮಗೆ ವಿಶೇಷವಾಗಿ ಕಾಣುತ್ತಿರಲಿಲ್ಲ. ಮಳೆ ಮೇಲಿನಿಂದ ಬೀಳುತ್ತದೆ, ಅವರು ಕೆಳಗೆ ಕೂರುತ್ತಾರೆ, ಅಷ್ಟೇ.

ಕಿವಿ ಮುರಿದ ಕಪ್ಪು ಅವರಿಗೆ ಹೋಯಿತು. ನನಗೆ ಎಷ್ಟು ಖುಷಿ ಅಂತೀರಿ! ನನ್ನ ತಪ್ಪಿನಿಂದ ಒಂದು ಒಳ್ಳೆಯದಾಯಿತಲ್ಲ. ಮೊದಲ ದಿನ ಓಡಿಹೋಗಿ, “ಈಗ ನಿಂಗೂ ದೊರೆ ಕಪ್ಪು!” ಎಂದೆ. ಅವರು ನಕ್ಕರು. ಕಾಫಿ ಹೊಯ್ದದ್ದೇ ಕಪ್ಪನ್ನು ನೆಲದ ಮೇಲಿಟ್ಟು, ಹೆಗಲ ಮೇಲಿನ ಟವೆಲ್ಲಿನ ಚುಂಗನ್ನು ಮಡಿಸಿ, ಅದರಲ್ಲಿ ಸುತ್ತಿ ಎತ್ತಿಕೊಂಡರು.

“ದೊರೆ ಬಟ್ಲು ಕೈ ಸುಡ್ತದೆ ಸಣ್ಣಮ್ಮಾರೆ” ಎಂದರು. “ನಂಗೆ ಚಿಪ್ಪೇ ಸಾಕಿತ್ತು.”

ಚಿಪ್ಪು ಸುಡುವುದಿಲ್ಲ. ಪಿಂಗಾಣಿ ಸುಡುತ್ತದೆ. ಅದಕ್ಕೇ ಅದಕ್ಕೆ ಕಿವಿ ಇಡುವುದು. ಏಳು ವರ್ಷದ ನನಗೆ ಅರ್ಥವಾದದ್ದು ಇಷ್ಟೇ, ಅವರಿಗೆ ಕಪ್ಪು ಹಿಡಿಸಲಿಲ್ಲ ಎಂದು. ಸ್ವಲ್ಪ ಕೋಪವೂ ಬಂತು. ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಅಂದಿನಿಂದ ಅವರ ಕಾಫಿಯನ್ನು ಎರಡು ಪಾತ್ರೆಗಳಲ್ಲಿ ಎತ್ತರಕ್ಕೆ ಆಡಿಸಿ, ಆರಿಸಿ ಕೊಡುತ್ತಿದ್ದರು. ಚಿಪ್ಪು ಮತ್ತೆ ಬರಲಿಲ್ಲ. ಅದನ್ನು ಒಲೆಗೆ ಹಾಕಿ ಆಗಿತ್ತು.

ಸೆಟ್ಟಿನ ಗೊಡವೆ ನನಗೆ ಮತ್ತೆ ಹತ್ತಿದ್ದು ತಮ್ಮನ ಫೋನಿನಿಂದಲೇ. ಬೆಂಗಳೂರಿನಲ್ಲಿ ಹಳೇ ಸಾಮಾನು ಕೊಳ್ಳುವವರೊಬ್ಬರು ಪರಿಚಯವಿದ್ದರು. ಮೈಸೂರಿಂದ ಹೋದಾಗ ಒಂದು ಕಪ್ಪು, ಒಂದು ತಟ್ಟೆ ತೆಗೆದುಕೊಂಡು ಹೋದೆ. ಆತ ಕಪ್ಪಿನೊಳಗೆ ಮೊಬೈಲಿನ ಟಾರ್ಚು ಬಿಟ್ಟು ಹೊರಗಿನಿಂದ ನೋಡಿದರು. ಮತ್ತೆ ನೋಡಿದರು.

“ಬೆಳಕು ದಾಟ್ತಾ ಇಲ್ಲ ನೋಡಿ ಮೇಡಂ. ಇದು ಪಿಂಗಾಣಿ ಅಲ್ಲ. ಇಂಗ್ಲೆಂಡಿನ ಮಣ್ಣಿಂದು. ಮೇಲೆ ಗಾಜಿನ ಲೇಪ.”

ಮನೆಗೆ ಬಂದು ಓದಲು ಕೂತೆ. ಆತ ಹೇಳಿದ್ದು ನಿಜ. ಅಸಲಿ ಪಿಂಗಾಣಿಗೆ ಕೇಯೊಲಿನ್ ಎಂಬ ಬಿಳಿ ಜೇಡಿ ಬೇಕು. ಚೀನಾದ ಜಿಂಗ್‌ಡೆಜೆನ್ ಪಟ್ಟಣದ ಹತ್ತಿರದ ಗಾವೊಲಿಂಗ್ ಎಂಬ ಊರಿನಿಂದ ಆ ಹೆಸರು. ಅದಕ್ಕೆ ಒಂದು ಜಾತಿಯ ಕಲ್ಲಿನ ಪುಡಿ ಕೂಡಿಸಿ ಸುಮಾರು 1300 ಡಿಗ್ರಿ ಶಾಖದಲ್ಲಿ ಸುಟ್ಟರೆ ಮಣ್ಣು ಅರೆಗಾಜಾಗುತ್ತದೆ, ಬೆಳಕು ಹಾಯುತ್ತದೆ, ಬೆರಳಲ್ಲಿ ತಟ್ಟಿದರೆ ಗಂಟೆಯಂತೆ ದನಿ ಬರುತ್ತದೆ. ಈ ಗುಟ್ಟನ್ನು ಚೀನೀಯರು ನೂರಾರು ವರ್ಷ ಕಾಪಾಡಿಕೊಂಡಿದ್ದರು. ನಮ್ಮ ‘ಪಿಂಗಾಣಿ’ ಎಂಬ ಮಾತಿನ ಬೇರು ಬಟ್ಟಲು ಎಂಬರ್ಥದ ಪಾರಸಿ ಪದದಲ್ಲಿದೆ. ಹಂಪಿಯ ಉತ್ಖನನದಲ್ಲೂ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಎಂದರೆ ವಿಜಯನಗರದ ದೊಡ್ಡವರ ಮನೆಗಳಲ್ಲೂ ಯಾರೋ ಒಬ್ಬರು ಬಂದವರ ಮುಂದೆ ಅದನ್ನಿಟ್ಟು ಕಥೆ ಹೇಳಿರಬೇಕು.

ಯುರೋಪಿನ ಅರಸರಿಗಂತೂ ಇದು ಹುಚ್ಚು ಹಿಡಿಸಿತ್ತು. ಸ್ಯಾಕ್ಸನಿಯ ದೊರೆ ಅಗಸ್ಟಸ್ 1717ರಲ್ಲಿ ಪ್ರಷ್ಯದ ಅರಸನಿಂದ 151 ಚೀನೀ ಪಿಂಗಾಣಿ ಪಾತ್ರೆಗಳನ್ನು ತರಿಸಿಕೊಂಡು, ಬದಲಿಗೆ ತನ್ನ 600 ಸೈನಿಕರನ್ನು ಕೊಟ್ಟ. ಪಾತ್ರೆಗೆ ಬದಲು ಮನುಷ್ಯರು! ಚಿನ್ನ ಮಾಡಿಕೊಡುತ್ತೇನೆಂದು ಹೇಳಿಕೊಂಡಿದ್ದ ಬಾಟ್ಗರ್ ಎಂಬ ರಸವಾದಿಯನ್ನು ಅವನು ಹಿಡಿದಿಟ್ಟುಕೊಂಡಿದ್ದ. ಆ ರಸವಾದಿ ಕೊನೆಗೆ ಮಾಡಿಕೊಟ್ಟದ್ದು ಪಿಂಗಾಣಿ. 1710ರಲ್ಲಿ ಮೈಸೆನ್ನಿನ ಕಾರ್ಖಾನೆ ಶುರುವಾಯಿತು. ಇಂಗ್ಲಿಷರು ಆಮೇಲೆ ದನದ ಮೂಳೆಯ ಬೂದಿ ಬೆರೆಸಿ ಬೋನ್ ಚೈನಾ ಮಾಡಿದರು. ಅದರಲ್ಲಿ ಅರ್ಧದಷ್ಟು ಬೂದಿಯೇ. ಇದು ಅಜ್ಜಿಗೆ ಗೊತ್ತಿದ್ದಿದ್ದರೆ ಶೋಕೇಸನ್ನೂ ಮನೆಯೊಳಗೆ ಇಡಗೊಡುತ್ತಿರಲಿಲ್ಲ.

ಹೀಗೆ ದೊಡ್ಡವರು ಅಸಲಿಯನ್ನು ಕೊಳ್ಳುತ್ತಿದ್ದಾಗ ಉಳಿದವರಿಗೂ ಆಸೆಯಾಗಬೇಕಲ್ಲ. ಅವರಿಗಾಗಿ ಇಂಗ್ಲೆಂಡಿನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ತೆಳು ಕಾಗದಕ್ಕೆ ಅಚ್ಚು ಹೊಡೆದು, ಆ ಕಾಗದವನ್ನು ಮಣ್ಣಿನ ತಟ್ಟೆಗೆ ಅಂಟಿಸಿ ಚಿತ್ರ ಇಳಿಸುವ ವಿಧಾನ ಬಂತು. ನಮ್ಮ ಮನೆಯ ಸೇತುವೆ, ಮರ, ಹಕ್ಕಿಯ ಚಿತ್ರ ಅಂಥದ್ದು. ವಿಲೋ ಪ್ಯಾಟರ್ನ್ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲೇ ಹುಟ್ಟಿದ್ದು. ಆಮೇಲೆ ಎಷ್ಟೋ ಕಾರ್ಖಾನೆಗಳು ಅದನ್ನು ಲಕ್ಷಗಟ್ಟಲೆ ಅಚ್ಚು ಹೊಡೆದವು. ಅಲ್ಲಿನ ಸಾಧಾರಣ ಜನರ ಅಡುಗೆಮನೆಯ, ದಿನಬಳಕೆಯ ತಟ್ಟೆ. ದೊರೆಯ ಮೇಜಿನದು ಅಲ್ಲವೇ ಅಲ್ಲ ಎನ್ನಲಾರೆ. ಆದರೆ ರತ್ನದಂಥ ವಸ್ತುವೂ ಅಲ್ಲ.

ಆ ಚಿತ್ರಕ್ಕೊಂದು ಕಥೆಯೂ ಇದೆ. ಚೀನಾದ ದೊಡ್ಡ ಅಧಿಕಾರಿಯೊಬ್ಬನ ಮಗಳು ಅಪ್ಪನ ಹತ್ತಿರ ಲೆಕ್ಕ ಬರೆಯುವ ಬಡ ಗುಮಾಸ್ತನನ್ನು ಪ್ರೀತಿಸುತ್ತಾಳೆ. ಅಪ್ಪ ಬೇಲಿ ಹಾಕಿಸುತ್ತಾನೆ. ಇಬ್ಬರೂ ಸೇತುವೆ ದಾಟಿ ಓಡುತ್ತಾರೆ, ಹಿಂದಿನಿಂದ ಅಪ್ಪ ಬೆನ್ನಟ್ಟುತ್ತಾನೆ. ಕೊನೆಗೆ ಪ್ರೇಮಿಗಳು ಸತ್ತು ಹಕ್ಕಿಗಳಾಗುತ್ತಾರೆ. ಪುರಾತನ ಚೀನೀ ಐತಿಹ್ಯವೆಂದೇ ಬಹಳ ಕಾಲ ಜನ ನಂಬಿದ್ದರು. ನಿಜಕ್ಕೂ ಚಿತ್ರ ಮೊದಲು ಬಂತು. ಕಥೆಯನ್ನು ಆಮೇಲೆ ಇಂಗ್ಲಿಷರೇ ಕಟ್ಟಿದರು. ತಟ್ಟೆಗೆ ಒಂದು ಕಥೆಯಿದ್ದರೆ ಅದರ ಬೆಲೆಯೇ ಬೇರೆ. ಚಿತ್ರದಲ್ಲಿ ಲೆಕ್ಕ ಬರೆಯುವವನೊಬ್ಬ ಇದ್ದಾನೆಂಬ ನಮ್ಮ ಎಳೆತನದ ಊಹೆ ಮಾತ್ರ ಸರಿಯಾಗಿಯೇ ಇತ್ತು!

ಮೊರದಂಥ ತಟ್ಟೆಯ ಗೀರುಗಳ ಗುಟ್ಟೂ ಅಲ್ಲೇ ಸಿಕ್ಕಿತು. ಅದು ಇಡಿಯಾಗಿ ಸುಟ್ಟ ಮಾಂಸವನ್ನು ಕೊಯ್ಯಲು ಇಡುವ ತಟ್ಟೆ. ರಸ ಹರಿದು ಗುಳಿಯಲ್ಲಿ ನಿಲ್ಲಲೆಂದು ಆ ಕಾಲುವೆಗಳು. ಪುರೋಹಿತರು ನೆನಪಾದರು. ಅಜ್ಜಿಯೂ ನೆನಪಾದರು.

ಇನ್ನೊಂದು ವಿಚಾರ ಹೊಳೆದು ಒಬ್ಬಳೇ ನಕ್ಕೆ. ನಮ್ಮ ಮನೆಯಲ್ಲಿ ಅಸಲಿ ಪಿಂಗಾಣಿ ಇರಲೇ ಇಲ್ಲವೆಂದಲ್ಲ. ಇತ್ತು. ಮೈನ್ ಸ್ವಿಚ್ಚಿನ ಪಕ್ಕದ ಬಿಳಿ ಫ್ಯೂಸುಗಳು. ಮನೆ ಮುಂದಿನ ಲೈಟುಕಂಬದ ಮೇಲಿನ ಬಿಳಿ ಬಟ್ಟಲುಗಳು. ಮಳೆಗಾಲದಲ್ಲಿ ದಿನಕ್ಕೊಂದು ಸಲ ಕರೆಂಟು ಹೋದಾಗ ಅಪ್ಪ ಸ್ಟೂಲು ಹತ್ತಿ ಆ ಫ್ಯೂಸನ್ನು ಕಿತ್ತು, ತಂತಿ ಸುತ್ತಿ, ಬೈದು ಸಿಕ್ಕಿಸುತ್ತಿದ್ದರು. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಹತ್ತಿರ ಸರ್ಕಾರಿ ಪಿಂಗಾಣಿ ಕಾರ್ಖಾನೆಯೊಂದಿತ್ತು. ಮುಂದೆ ಅದು ಬಿಎಚ್‌ಇಎಲ್‌ಗೆ ಸೇರಿತು. ಕರೆಂಟಿನ ಕಂಬಗಳ ಇನ್ಸುಲೇಟರು ಮಾಡುತ್ತಿದ್ದುದು ಅಲ್ಲಿ. ಮನೆಯ ನಿಜವಾದ ಪಿಂಗಾಣಿ ಜೇಡರ ಬಲೆಯಲ್ಲಿ ದುಡಿಯುತ್ತಿತ್ತು, ಮಣ್ಣಿನ ತಟ್ಟೆಗಳು ಗಾಜಿನ ಬಾಗಿಲ ಹಿಂದೆ ಬೀಗ ಹಾಕಿಸಿಕೊಂಡು ಕೂತಿದ್ದವು.

ಇದನ್ನೆಲ್ಲ ತಮಾಷೆಯಾಗಿ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಈಗ ಎಂಬತ್ತು. ನನ್ನ ಜೊತೆಗೇ ಇದ್ದಾರೆ. ಎಲ್ಲ ಕೇಳಿಸಿಕೊಂಡು, “ದೊರೆ ಕೊಟ್ಟಿದ್ದೂ ಸುಳ್ಳೇ” ಎಂದರು.

“ಅಂದ್ರೆ?”

“ಕೊಟ್ಟಿದ್ದಲ್ಲ, ಮಾರಿದ್ದು. ಬಂಗಲೆ ಸಾಮಾನೆಲ್ಲ ಹರಾಜು ಹಾಕಿದ್ರಂತೆ. ಕುರ್ಚಿ, ಮೇಜು, ಬಂದೂಕು ಎಲ್ಲ ಬೇರೆ ತೋಟದೋರು ತಗೊಂಡ್ರು. ನಿಮ್ಮ ತಾತ ಇದನ್ನ ಕೂಗಿದ್ರು. ಸಂಬಳದಲ್ಲಿ ಮುರ್ಕೊಂಡ್ರಂತೆ. ನಿಮ್ಮಜ್ಜಿ ನನ್ನ ಹತ್ರ ಹೇಳ್ಕೊಂಡಿದ್ರು. ಹತ್ತು ತಿಂಗಳು ಮನೆಗೆ ತುಪ್ಪ ತರಲಿಲ್ವಂತೆ. ನಿಮ್ಮ ಚಿಕ್ಕಪ್ಪ ಆಗ ಸಣ್ಣ ಮಗು, ಅನ್ನಕ್ಕೆ ತುಪ್ಪ ಅಂತ ಅಳೋದಂತೆ.”

ತಮ್ಮ ಅಟ್ಟದಿಂದ ಇಳಿಸಿದ ಟ್ರಂಕಿನಲ್ಲಿ ತಾತನ ಸ್ವಂತ ಲೆಕ್ಕದ ಪುಸ್ತಕಗಳಿದ್ದವು. 1955ರದ್ದನ್ನು ಹುಡುಕಿ ಫೋಟೋ ಕಳಿಸು ಎಂದೆ. ಕಳಿಸಿದ. ಆ ಮುತ್ತಿನಂಥ ಅಕ್ಷರದಲ್ಲಿ ಹತ್ತು ಸಲ, ಹತ್ತು ತಿಂಗಳ ಕೊನೆಯಲ್ಲಿ, ಒಂದೇ ಸಾಲು: ‘ಪಿಂಗಾಣಿ ಬಾಬ್ತು ರೂ. 8.’ ಮೇಲಿನ ಸಾಲಿನಲ್ಲಿ ಸಂಬಳ: ‘ರೂ. 70.’ ಇಪ್ಪತ್ತು ವರ್ಷ ಒಂದು ಕಾಸೂ ತಪ್ಪದೆ ಲೆಕ್ಕ ಬರೆದ ಮನುಷ್ಯ ಮನೆಯ ಪುಸ್ತಕದಲ್ಲೂ ಸುಳ್ಳು ಬರೆದಿರಲಿಲ್ಲ. ಹೇಳಿದ್ದು ಮಾತ್ರ ಬೇರೆ. ಅಥವಾ ಅವರು ಹೇಳಿರಲಿಕ್ಕೂ ಇಲ್ಲ, ಅಪ್ಪನೇ ಕಟ್ಟಿರಬಹುದು. ತಾತ ಆ ಕಥೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅಪ್ಪ ಹೇಳುವಾಗ ತಾತ ಕಿಟಕಿಯಾಚೆ ನೋಡುತ್ತಿದ್ದುದು ನೆನಪಿದೆ.

ಅಜ್ಜಿಯ ಮಡಿಯೂ ಆ ದಿನ ನನಗೆ ಬೇರೆಯಾಗಿ ಕಂಡಿತು. ಗಂಡನ ಎದುರು ‘ನನ್ನ ಮಗು ತುಪ್ಪಕ್ಕೆ ಅತ್ತಿತು’ ಎಂದು ಹೇಳಲಾಗದ ಕಾಲ. ‘ಇದು ಮೈಲಿಗೆ’ ಎಂದರೆ ಮನೆಯ ಗಂಡಸರೆಲ್ಲ ಬಾಯಿ ಮುಚ್ಚಬೇಕಾಗಿತ್ತು. ಅಜ್ಜಿಗೆ ಸಿಕ್ಕಿದ್ದ ಭಾಷೆ ಅದೊಂದೇ. ಆದರೆ ಅದೇ ಭಾಷೆಯಲ್ಲಿ ಅಲ್ಲವೇ ಅವರು ಹಿತ್ತಲಲ್ಲಿ ಕೂತವರಿಗೂ ಮೇಲಿನಿಂದ ಕಾಫಿ ಹೊಯ್ದದ್ದು? ಅಜ್ಜಿಯ ಮೇಲೆ ಮರುಕ ಬಂದ ಗಳಿಗೆಯಲ್ಲೇ ಇದೂ ನೆನಪಾಗಿ, ಮರುಕ ಪೂರ್ತಿಯಾಗಲಿಲ್ಲ.

ಮನೆ ಬಿಟ್ಟುಕೊಡುವ ಮುಂಚೆ ಒಂದು ಭಾನುವಾರ ಎಲ್ಲರೂ ಊರಲ್ಲಿ ಸೇರಿದೆವು. ಹಳೇ ಸಾಮಾನಿನವರು ಇಡೀ ಸೆಟ್ಟಿಗೆ ನಾಲ್ಕು ಸಾವಿರ ಹೇಳಿದ್ದರು, ಅದೂ ಸಾಗಿಸುವ ಖರ್ಚು ನಮ್ಮದೇ. ಯಾರಿಗೂ ಮನಸ್ಸಾಗಲಿಲ್ಲ. ಬೇಡ ಬೇಡ ಎಂದವರೂ ಎದುರಿಗೆ ನೋಡಿದ ಮೇಲೆ ಒಂದೊಂದು ಎತ್ತಿಕೊಂಡರು. ಎರಡು ವರ್ಷದ ಮೌನಕ್ಕೆ ಕಾರಣವಾಗಿದ್ದ ಸೆಟ್ಟು ಅರ್ಧ ಗಂಟೆಯಲ್ಲಿ ಏಳು ಪಾಲಾಯಿತು. ಚಿಕ್ಕಪ್ಪನ ಮಗಳು ಟೀ ಪಾಟನ್ನು ತೆಗೆದುಕೊಂಡಳು. ಅವಳಿಗೆ ತುಪ್ಪದ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಪಾಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೊರದಂಥ ತಟ್ಟೆಯನ್ನು ತಮ್ಮನ ಮಗ ತನಗಿರಲಿ ಎಂದ. ಏಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಾಸರು ಹಂಚುವಾಗ ಲೆಕ್ಕ ಹತ್ತಲಿಲ್ಲ. ಸಾಸರು 12, ಕಪ್ಪು 11. “ಒಂದು ಎಲ್ಲಿ?” ಎಂದಳು ತಮ್ಮನ ಹೆಂಡತಿ. “ಯಾವಾಗ್ಲೋ ಒಡೆದಿರಬೇಕು” ಎಂದ ತಮ್ಮ. ಅವನಿಗೆ ಗೊತ್ತಿರಲಿಲ್ಲ, ಆಗ ತೊಟ್ಟಿಲಲ್ಲಿದ್ದ. ನಾನು ಎದ್ದು ಹಿತ್ತಲಿಗೆ ಹೋದೆ.

ಇತ್ತು. ಕಟ್ಟೆಯ ಮೂಲೆಯಲ್ಲಿ, ಪಾಚಿ ಹಿಡಿದು, ಬೋರಲಾಗಿ. ಸೌದೆ ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಅವರು ತೀರಿಕೊಂಡದ್ದು ಯಾವ ವರ್ಷ ಎಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ತಹಸೀಲ್ದಾರರು ಯಾವ ಕಪ್ಪಿನಲ್ಲಿ ಕುಡಿದರು ಎಂದು ನೆನಪಿಟ್ಟುಕೊಂಡ ಮನೆ ನಮ್ಮದು. ಅವರ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿದೆ. ಊರು ಬಿಟ್ಟು ಬೆಂಗಳೂರು ಕಡೆ ಹೋದರು ಎಂದಷ್ಟೇ ಗೊತ್ತಾಯಿತು. ಸಿಕ್ಕಿದ್ದರೂ ಏನು ಹೇಳುತ್ತಿದ್ದೆನೋ ತಿಳಿಯದು. ಈ ಕಪ್ಪನ್ನು ಕೊಟ್ಟು ಕೈ ತೊಳೆದುಕೊಳ್ಳುವುದಂತೂ ಆಗುತ್ತಿರಲಿಲ್ಲ.

ನನ್ನ ಪಾಲಿಗೆ ಅದೊಂದನ್ನೇ ತೆಗೆದುಕೊಂಡೆ. ಜೊತೆಗೆ ಹನ್ನೆರಡನೆಯ ಸಾಸರು.

ರಾತ್ರಿ ಅಮ್ಮನ ಮುಂದಿಟ್ಟೆ. ಅಮ್ಮ ಗುರುತು ಹಿಡಿದರು. ಮುರಿದ ಕಿವಿಯ ಎರಡು ಮೊಟಕುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು.

“ಸ್ಟೀಲ್ ಲೋಟ ಡಜನುಗಟ್ಟಲೆ ಇತ್ತು” ಎಂದರು ಆಮೇಲೆ. “ಒಂದು ಕೊಡಬಹುದಿತ್ತು. ಹೊಳೀಲಿಲ್ಲ ಅಂತಲ್ಲ ಕಣೆ. ಹೊಳೀತು. ನಿಮ್ಮಜ್ಜಿಗೆ ಹೇಳೋ ಧೈರ್ಯ ಬರಲಿಲ್ಲ. ಆರಿಸಿ ಕೊಟ್ಟೆ. ಅಷ್ಟು ಮಾಡ್ದೆ.”

ಕಪ್ಪನ್ನು ಸೋಪು ಹಾಕಿ ತಿಕ್ಕಿ ತೊಳೆದೆ. ಪಾಚಿ ಹೋಯಿತು. ಸೇತುವೆಯ ಮೇಲಿನ ಮೂವರೂ ಸ್ಪಷ್ಟವಾಗಿ ಕಂಡರು. ನಮ್ಮ ಮನೆಯಲ್ಲಿ ಶೋಕೇಸಿಲ್ಲ. ಅಡುಗೆಮನೆಯ ಅರೆಯಲ್ಲಿ ಉಳಿದ ಕಪ್ಪುಗಳ ಜೊತೆಗೇ ಇಟ್ಟೆ.

ಹೋದ ವಾರ ಮಗಳು ಬೆಂಗಳೂರಿನಿಂದ ಬಂದಿದ್ದಳು. ಬೆಳಿಗ್ಗೆ ಎದ್ದವಳೇ ಅರೆಗೆ ಕೈ ಹಾಕಿ ಅದನ್ನೇ ತೆಗೆದಳು. ಕಿವಿ ಮುರಿದದ್ದನ್ನು ಅವಳು ಗಮನಿಸಲೂ ಇಲ್ಲ. “ವಾವ್, ಹ್ಯಾಂಡಲ್ ಇಲ್ಲದ್ದು! ನಮ್ಮ ಆಫೀಸಿನ ಹತ್ರದ ಕೆಫೆಯಲ್ಲಿ ಇಂಥದ್ರಲ್ಲೇ ಕೊಡ್ತಾರೆ. ಎಷ್ಟಕ್ಕೆ ತಗೊಂಡೆ ಅಮ್ಮ?” ಎಂದಳು. ಫಿಲ್ಟರಿನ ಡಿಕಾಕ್ಷನ್ನಿಗೆ ಕುದಿಯುವ ಹಾಲು ಬಗ್ಗಿಸಿ, ಎರಡೂ ಕೈಯಲ್ಲಿ ಎತ್ತಲು ಹೋಗಿ, ಹಾ ಎಂದು ಮತ್ತೆ ಕೆಳಗಿಟ್ಟಳು.

“ಅಯ್ಯೋ, ಸುಡುತ್ತೆ!”

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಒಂದು ಸ್ಟೀಲ್ ಲೋಟ ತಂದು ಅವಳ ಮುಂದಿಟ್ಟು, ಕುರ್ಚಿ ಎಳೆದುಕೊಂಡು ಕೂತೆ. “ಇದನ್ನ ಕೊಂಡಿದ್ದಲ್ಲ” ಎಂದು ಶುರುಮಾಡಿದೆ. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಾಫಿ ಪೂರ್ತಿ ಆರಿತ್ತು.